ಹುಣಸೂರಿನ ಲೆಫ್ಟ್ ಔಟು

ಹೊಸ ಚಪ್ಪಲಿ ಕೊಂಡರೆ ಎಲ್ಲರೂ ಕಾಲಿಗೆ ಹಾಕಿ ನೋಡುತ್ತಾರೆ. ನಾನು ಮೊದಲು ಮೂಗಿಗೆ ಹಿಡಿಯುತ್ತೇನೆ. ಮೊನ್ನೆ ಮೈಸೂರಿನ ಅಂಗಡಿಯೊಂದರಲ್ಲಿ ಹೀಗೆ ಮಾಡಿದಾಗ ಅಂಗಡಿಯವನು ಗಾಬರಿಯಾಗಿ, ಯಜಮಾನರಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವೇ ಎಂದು ನನ್ನ ಹೆಂಡತಿಯನ್ನು ಮೆಲ್ಲಗೆ ಕೇಳಿದನಂತೆ. ಕಣ್ಣು ಚೆನ್ನಾಗಿದೆ, ಮಿಕ್ಕಿದ್ದು ನನಗೂ ಗೊತ್ತಿಲ್ಲ ಎಂದಳಂತೆ ಅವಳು. ಐವತ್ತು ವರ್ಷ ಸಂಸಾರ ಮಾಡಿದವಳ ಮಾತು, ನಾನು ಎದುರಾಡಲಿಲ್ಲ.

ಈಗಿನ ಚಪ್ಪಲಿಗೆ ವಾಸನೆ ಎಲ್ಲಿದೆ ಹೇಳಿ? ರಬ್ಬರು, ಅಂಟು, ಇನ್ನೇನೋ ಒಂದು. ನಾನು ಹುಡುಕುವುದು ತಂಗಡಿ ಚಕ್ಕೆಯ ನೀರಿನಲ್ಲಿ ನೆನೆದು ಹದವಾದ ಚರ್ಮದ ವಾಸನೆ. ಮಹಾರಾಜರ ಕಾಲದಲ್ಲಿ ಹುಣಸೂರಿಗೆ ಬಸ್ಸಿನಲ್ಲಿ ಹೋಗುವವನು ಕಣ್ಣು ಮುಚ್ಚಿ ಕೂತಿದ್ದರೂ ಊರು ಬಂತೆಂದು ಆ ವಾಸನೆಯಿಂದಲೇ ತಿಳಿಯಬಹುದಿತ್ತು. ಮೂಗು ಮುಚ್ಚಿಕೊಳ್ಳುವವರು ಮುಚ್ಚಿಕೊಳ್ಳುತ್ತಿದ್ದರು. ನನಗೆ ಮಾತ್ರ ಆ ವಾಸನೆ ಬಂದರೆ ಎದೆ ಅರಳುತ್ತಿತ್ತು. ಏಕೆಂದರೆ ಆ ವಾಸನೆಯ ಬೀದಿಯಲ್ಲಿ ಬಷೀರನ ಮನೆ ಇತ್ತು.

ಬಷೀರನ ಅಪ್ಪ ಕುದುರೆಗೆ ಜೀನು, ಜಟಕಾಕ್ಕೆ ಪಟ್ಟಿ, ಸಾಹುಕಾರರಿಗೆ ಪಾದರಕ್ಷೆ ಹೊಲಿಯುತ್ತಿದ್ದವರು. ಮಗನಿಗೆ ಮಾತ್ರ ಫುಟ್ಬಾಲು ಹೊಲಿದುಕೊಟ್ಟರು. ಆ ಚೆಂಡು ಪೂರ್ತಿ ದುಂಡಗೆ ಇರಲಿಲ್ಲ, ಒಂದು ಕಡೆ ಸ್ವಲ್ಪ ಕುಂಬಳಕಾಯಿಯ ಜಾತಿ. ಎಲ್ಲಿ ಪುಟಿದರೆ ಎಲ್ಲಿಗೆ ಹೋಗುತ್ತದೆ ಎಂಬುದು ದೇವರಿಗೂ ಬಷೀರನಿಗೂ ಮಾತ್ರ ಗೊತ್ತು. ಅಂಥ ಚೆಂಡಿನಲ್ಲಿ ಸಂತೆಮಾಳದ ಕಲ್ಲುಗಳ ನಡುವೆ ಬರಿಗಾಲಲ್ಲಿ ಆಡಿ ಬೆಳೆದವನು, ಮೈಸೂರಿನ ಕಾಲೇಜಿಗೆ ಬಂದು ನಿಜವಾದ ದುಂಡನೆಯ ಚೆಂಡನ್ನು ಮೊದಲ ಸಲ ಒದ್ದಾಗ, 'ಇದೇನ್ಲಾ ಇದು, ಹೇಳ್ದಂಗೆ ಕೇಳ್ತದೆ' ಎಂದು ಆಶ್ಚರ್ಯಪಟ್ಟಿದ್ದನ್ನು ನಾನೇ ಕೇಳಿದ್ದೇನೆ.

ನಾನು ಕೃಷ್ಣರಾಜನಗರದ ಕಡೆಯವನು, ಹೊಸ ಅಗ್ರಹಾರದ ಒಕ್ಕಲು ಮನೆಯ ಮಾದೇವ. ಹಾಸ್ಟೆಲಿನಲ್ಲಿ ಊಟ, ಕಾಲೇಜಿನಲ್ಲಿ ನಿದ್ದೆ, ಸಂಜೆ ಫುಟ್ಬಾಲು, ಇದು ನನ್ನ ವಿದ್ಯಾಭ್ಯಾಸ. ಟೀಮಿನಲ್ಲಿ ನನಗೆ ಜಾಗ ಸಿಕ್ಕಿದ್ದು ಕಾಲಿನ ಬಲದಿಂದಲ್ಲ, ಗಂಟಲಿನ ಬಲದಿಂದ. ಚಿಕ್ಕಂದಿನಲ್ಲಿ ಭತ್ತದ ಗದ್ದೆಯ ಬದುವಿನ ಮೇಲೆ ನಿಂತು ಹಕ್ಕಿ ಓಡಿಸಿದ ಗಂಟಲು ಅದು. ನಾನು ಕೂಗಿದರೆ ಮೈದಾನದ ಆಚೆ ಬದಿಯ ಹುಣಸೆಮರದಿಂದ ಕಾಗೆಗಳು ಏಳುತ್ತಿದ್ದವು. ಬಷೀರ ಲೆಫ್ಟ್ ಔಟು, ಎಡಗೆರೆಯ ಪಕ್ಕದಲ್ಲಿ ಓಡುವವನು. ನಾನು ಅವನ ಬೆನ್ನ ಹಿಂದೆ ಲೆಫ್ಟ್ ಹಾಫು. ಅವನು ಚೆಂಡು ಹಿಡಿದು ಹೊರಟರೆ ಹಿಂತಿರುಗಿ ನೋಡುವವನಲ್ಲ. ಎದುರಾಳಿ ಎಲ್ಲಿಂದ ಬರುತ್ತಿದ್ದಾನೆ, ಯಾವಾಗ ಒಳಕ್ಕೆ ತಿರುಗಬೇಕು, ಯಾವಾಗ ಚೆಂಡು ಬಿಡಬೇಕು, ಎಲ್ಲ ನನ್ನ ಕೂಗಿನಿಂದಲೇ. ನಾನು 'ಒಳಕ್ಕೆ' ಎಂದರೆ ಒಳಕ್ಕೆ, 'ಬುಡು' ಎಂದರೆ ಬಿಟ್ಟ. ಒಬ್ಬನ ಕಾಲು, ಇನ್ನೊಬ್ಬನ ಬಾಯಿ. ಇಬ್ಬರೂ ಸೇರಿ ಒಬ್ಬ ಒಳ್ಳೆಯ ಆಟಗಾರ ಎಂದು ನಮ್ಮ ಕ್ಯಾಪ್ಟನ್ ಹೇಳುತ್ತಿದ್ದ. ಅದರಲ್ಲಿ ನನ್ನ ಪಾಲು ಎಷ್ಟು ಎಂದು ನಾನು ಕೇಳಲಿಲ್ಲ, ಮರ್ಯಾದೆ ಇರುವವನು ಕೇಳಬಾರದು.

ರಜೆ ಬಂದರೆ ನಾನು ಹುಣಸೂರಿಗೆ ಹೋಗುತ್ತಿದ್ದೆ, ಇಲ್ಲವೇ ಅವನು ನಮ್ಮೂರಿಗೆ ಬರುತ್ತಿದ್ದ. ಅವನ ತಾಯಿಯನ್ನು ನಾನೂ ಅಮ್ಮೀ ಎಂದೇ ಕರೆಯುತ್ತಿದ್ದೆ. ನಾನು ಲಿಂಗ ಕಟ್ಟಿದವನೆಂದು ಆಕೆ ನನಗಾಗಿ ಒಂದು ಹೊಸ ಹಿತ್ತಾಳೆ ಲೋಟ ತಂದಿಟ್ಟಿದ್ದರು. ಅದರಲ್ಲಿ ಹಾಲು ಕೊಟ್ಟು, ಜೊತೆಗೆ ರಸಬಾಳೆ ಹಣ್ಣಿಟ್ಟು, ನಾನು ಕುಡಿದು ಮುಗಿಸುವವರೆಗೆ ಬಾಗಿಲ ಬಳಿ ನಿಂತಿರುತ್ತಿದ್ದರು. ಒಳಗೆ ಬೇಯುತ್ತಿದ್ದ ಪಲಾವಿನ ಘಮಕ್ಕೆ ನನ್ನ ಭಕ್ತಿ ಎಷ್ಟು ಅಲುಗಾಡುತ್ತಿತ್ತೆಂಬುದು ಶಿವನಿಗೇ ಗೊತ್ತು. ಊರಿಗೆ ಮರಳಿದರೆ ನಮ್ಮಜ್ಜಿ ನನ್ನನ್ನು ಬಚ್ಚಲಿಗೆ ದೂಡಿ, ನೀರು ಸುರಿಯುತ್ತಲೇ, ಆ ಹುಡುಗ ಹೇಗಿದ್ದಾನೆ, ಯಾವಾಗ ಬರುತ್ತಾನೆ ಎಂದು ವಿಚಾರಿಸುತ್ತಿದ್ದಳು. ಅವನು ಬಂದರೆ ರಾಗಿ ರೊಟ್ಟಿಗೆ ನನಗಿಂತ ಹೆಚ್ಚು ಬೆಣ್ಣೆ ಅವನಿಗೇ.

ಒಮ್ಮೆ ಇಬ್ಬರೂ ಚುಂಚನಕಟ್ಟೆಗೆ ನಡೆದುಹೋಗಿದ್ದೆವು. ಕಾವೇರಿ ತುಂಬಿ ಧುಮುಕುತ್ತಿದ್ದಳು. ಕೂಗಿದ ಹೊರತು ಒಬ್ಬರ ಮಾತು ಒಬ್ಬರಿಗೆ ಕೇಳದಷ್ಟು ಮೊರೆತ. ಅಲ್ಲಿಯ ರಾಮದೇವರ ಗರ್ಭಗುಡಿಯ ವಿಚಾರ ನೀವು ಕೇಳಿರಬಹುದು. ಹೊರಗೆಲ್ಲ ನದಿಯ ಸದ್ದು, ಗರ್ಭಗುಡಿಯ ಬಳಿ ಮಾತ್ರ ಅದು ಕೇಳುವುದಿಲ್ಲ ಎಂದು ಜನ ಹೇಳುತ್ತಾರೆ. ಬಷೀರ ಹೊರಗೆ ಕಲ್ಲಿನ ಮೇಲೆ ಕೂತು, ಒಳಗೆ ಹೋಗಿ ನೋಡಿಕೊಂಡು ಬಾ ಎಂದು ನನ್ನನ್ನು ಅಟ್ಟಿದ. ನಾನು ಬಂದು, ನಿಜ ಕಣೋ, ಒಳಗೆ ಏನೂ ಕೇಳುವುದಿಲ್ಲ ಎಂದೆ. ಅವನು ಧುಮುಕುವ ನೀರಿನ ಕಡೆ ನೋಡಿ, ಪಾಪ, ದೇವರಿಗೆ ಬೇಜಾರಾಗುವುದಿಲ್ಲವೇ ಎಂದು ಕೇಳಿದ. ಆಗ ನಕ್ಕುಬಿಟ್ಟಿದ್ದೆವು.

ಯುದ್ಧ ಶುರುವಾದ ಮೇಲೂ ಬಹಳ ದಿನ ಅದು ನಮಗೆ ಪತ್ರಿಕೆಯ ಸುದ್ದಿಯೇ ಆಗಿತ್ತು. ಸೀಮೆಎಣ್ಣೆ ಸಿಗದಾಯಿತು, ಪೆಟ್ರೋಲಿಲ್ಲದ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡಾಡತೊಡಗಿದವು, ಬಷೀರನ ಬೀದಿಯಲ್ಲಿ ಬೂಟಿನ ಚರ್ಮಕ್ಕೆ ಎಲ್ಲಿಲ್ಲದ ಬೇಡಿಕೆ ಬಂತು. ಅಷ್ಟೆ. ಆ ವರ್ಷ ಬೆಂಗಳೂರಿನಿಂದ ಸೈನ್ಯದ ಟೀಮೊಂದು ಮೈಸೂರಿಗೆ ಆಡಲು ಬಂತು. ಅವರದೆಲ್ಲ ಬೂಟುಗಾಲು, ನಮ್ಮದು ಬರಿಗಾಲು. ಅವರು ನಮ್ಮನ್ನು ಚೆನ್ನಾಗಿಯೇ ತುಳಿದರು. ಆಟ ಇನ್ನೇನು ಮುಗಿಯಬೇಕು, ಬಷೀರ ಎಡಗೆರೆಯಿಂದ ಚೆಂಡು ತೆಗೆದುಕೊಂಡು ಹೊರಟ. ನಾನು ಹಿಂದಿನಿಂದ ಗಂಟಲು ಹರಿಯುವಂತೆ ಕೂಗುತ್ತಿದ್ದೆ. ಇಬ್ಬರು ಬೂಟುಗಾರರ ನಡುವೆ ನೀರಿನಂತೆ ಜಾರಿ ಹೋಗಿ ಗೋಲು ಹೊಡೆದ. ನಾವು ಗೆದ್ದದ್ದು ಆ ಒಂದು ಗೋಲಿನಿಂದ.

ಆಟದ ನಂತರ ಅವರ ಅಧಿಕಾರಿಯೊಬ್ಬ ಬಷೀರನ ಬೆನ್ನು ತಟ್ಟಿ, ಸೈನ್ಯಕ್ಕೆ ಬಂದರೆ ದೇಶದ ತುಂಬ ಆಡಬಹುದು ಎಂದನಂತೆ. ಅವನ ತಲೆಯಲ್ಲಿ ಆ ಮಾತು ಕೂತುಬಿಟ್ಟಿತು. ಪರೀಕ್ಷೆ ಮುಗಿದ ವಾರವೇ ಸೇರುತ್ತೇನೆ ಎಂದ. ಅವನು ಹೋದ ಮೇಲೆ ನಾನು ಯಾರಿಗೆ ಕೂಗಲಿ? ನಾನೂ ಹೋಗಿ ಸಾಲಿನಲ್ಲಿ ನಿಂತೆ. ಡಾಕ್ಟರು ನನ್ನ ಎದೆಗೆ ಟೇಪು ಸುತ್ತಿ, ಉಸಿರು ಎಳೆದುಕೋ ಎಂದರು. ಎಳೆದುಕೊಂಡೇ ಇದ್ದೇನೆ ಸಾರ್ ಎಂದೆ. ಅವರು ನನ್ನ ಮುಖವನ್ನೂ ಟೇಪನ್ನೂ ನೋಡಿ, ಹೋಗಿ ಎಂ.ಎ. ಓದಪ್ಪ ಎಂದು ಕಳಿಸಿದರು.

ಅಮ್ಮೀ ಅಳಲಿಲ್ಲ, ಬಯ್ಯಲಿಲ್ಲ. ಅವನು ಹೊರಡುವ ದಿನ ಬಸ್ಸಿನವರೆಗೂ ಬಂದು, ಅವನ ತಲೆಯ ಮೇಲೆ ಕೈಯಿಟ್ಟು ಏನೋ ಓದಿ ಊದಿದರು. ಆಮೇಲೆ ನನ್ನ ಕಡೆ ತಿರುಗಿ, 'ನೀ ಬರ್ತಾ ಇರ್ಬೇಕು ಬೇಟಾ' ಎಂದರು. ನಾನು ಹೋಗುತ್ತಿದ್ದೆ. ಅದೇ ಲೋಟ, ಅದೇ ಹಾಲು. ಇಬ್ಬರೂ ಅವನ ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಿದ್ದೆವು.

ಅವನನ್ನು ಫುಟ್ಬಾಲ್ ಆಡಿಸಲು ಎಲ್ಲಿಗೂ ಕರೆದೊಯ್ಯಲಿಲ್ಲ. ಲಾರಿ ಓಡಿಸುವುದನ್ನು ಕಲಿಸಿ ಅಸ್ಸಾಮಿನ ಆಚೆ, ಬರ್ಮಾ ಗಡಿಯ ಬೆಟ್ಟಗಳಿಗೆ ಅಟ್ಟಿದರು. ಮಳೆ, ಕೆಸರು, ಒಂದು ಕಡೆ ಪ್ರಪಾತ. ಅಲ್ಲಿ ಆದದ್ದನ್ನು ಅವನು ನನಗೆ ಹೇಳಿದ್ದು ಒಂದೇ ಸಲ, ಊರಿಗೆ ಮರಳಿ ಎಷ್ಟೋ ದಿನದ ಮೇಲೆ, ಹುಣಸೂರಿನ ಲಕ್ಷ್ಮಣತೀರ್ಥ ಹೊಳೆಯ ದಡದಲ್ಲಿ ಕೂತು. ಪಕ್ಕದಲ್ಲಿ ಒಬ್ಬ ಮಲಯಾಳಿ ಹುಡುಗ ಕೂತಿದ್ದನಂತೆ. ದಾರಿಯುದ್ದಕ್ಕೂ ತನ್ನೂರಿನ ದೋಣಿ ಹಾಡು ಹಾಡುತ್ತಿದ್ದನಂತೆ. ಮುಂದೆ ಹೋಗುತ್ತಿದ್ದ ಮದ್ದುಗುಂಡಿನ ಲಾರಿಯ ಮೇಲೆ ಬಾಂಬು ಬಿದ್ದು ಸಿಡಿಯಿತು. ಕಣ್ಣು ಬಿಟ್ಟಾಗ ಇವನು ರಸ್ತೆಯ ಪಕ್ಕದ ಕೆಸರಿನಲ್ಲಿದ್ದ. ಕೈಕಾಲು ಎಲ್ಲ ನೆಟ್ಟಗಿದ್ದವು. ಜನ ಬಾಯಿ ತೆರೆದು ಓಡುತ್ತಿದ್ದರು, ಆದರೆ ಸದ್ದೇ ಇಲ್ಲ. ಆ ಹುಡುಗ ಉಳಿಯಲಿಲ್ಲ.

'ನಾನು ಕೊನೇಗೆ ಕೇಳಿದ್ದು ಅವನ ಹಾಡು ಕಣ್ಲಾ. ಅದೂ ಪೂರ್ತಿ ಆಗ್ಲಿಲ್ಲ' ಎಂದ ಬಷೀರ.

ಊರಿಗೆ ಬಂದಾಗ ಅವನು ನೋಡಲು ಹಾಗೆಯೇ ಇದ್ದ, ಇನ್ನಷ್ಟು ಗಟ್ಟಿಯಾಗಿಯೇ ಇದ್ದ. ಬಸ್ಸಿನಿಂದ ಇಳಿದವನನ್ನು ನಾನು ಹಿಂದಿನಿಂದ ಕೂಗಿದೆ. ಹಕ್ಕಿ ಓಡಿಸಿದ ಅದೇ ಗಂಟಲು. ಬೀದಿಯವರೆಲ್ಲ ತಿರುಗಿ ನೋಡಿದರು, ಅವನು ತಿರುಗಲಿಲ್ಲ. ಅವನ ಕಿವಿ ಹೋದದ್ದನ್ನು ನನಗೆ ಯಾರೂ ಹೇಳಿರಲಿಲ್ಲ. ಓಡಿಹೋಗಿ ಮುಂದೆ ನಿಂತೆ. ನನ್ನ ಮುಖ ನೋಡಿ ಅವನಿಗೆ ಎಲ್ಲ ಗೊತ್ತಾಯಿತು. ನಕ್ಕು ನನ್ನ ಹೆಗಲ ಮೇಲೆ ಕೈ ಹಾಕಿ, 'ಚುಂಚನಕಟ್ಟೆ ಗುಡಿ ಒಳಗಿದೀನಿ ಅನ್ಕೋ ಮಾದೇವ' ಎಂದ. ನಡೆಯತೊಡಗಿದ ಮೇಲೆ, 'ಬೇಜಾರಾಯ್ತದೆ ಕಣ್ಲಾ' ಎಂದ.

ನಿಧಾನವಾಗಿ ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದ. ಅಪ್ಪನ ಜೊತೆ ಕೂತು ಜೀನು ಹೊಲಿಯತೊಡಗಿದ. ಆದರೆ ಸಂಜೆಯಾದರೆ ಅವನ ಕಾಲು ಕೇಳಬೇಕಲ್ಲ. ಪಿರಿಯಾಪಟ್ಟಣದವರ ಮೇಲೆ ಹುಣಸೂರಿನವರ ಮ್ಯಾಚ್ ನಿಶ್ಚಯವಾದಾಗ, ನಾನೂ ಆಡುತ್ತೇನೆ ಎಂದ. ಬೇಡ ಎನ್ನುವ ಧೈರ್ಯ ಯಾರಿಗೂ ಇರಲಿಲ್ಲ. ಆಗ ನಾನು ಹುಣಸೂರಿನ ಸ್ಕೂಲಿನಲ್ಲೇ ಹಂಗಾಮಿ ಮೇಷ್ಟ್ರಾಗಿದ್ದೆ, ಆದ್ದರಿಂದ ನಾನೂ ಹುಣಸೂರಿನವನೇ. ಅವನ ಹಿಂದೆ ನನ್ನ ಹಳೆಯ ಜಾಗಕ್ಕೆ ನಿಂತೆ.

ಅವನ ಕಾಲು ಏನನ್ನೂ ಮರೆತಿರಲಿಲ್ಲ. ನಾನು ಮಾತ್ರ ಅಭ್ಯಾಸಬಲದಿಂದ ಕೂಗುತ್ತಲೇ ಇದ್ದೆ. ಒಳಕ್ಕೆ, ಗೆರೆಗೆ, ಬುಡು ಬುಡು. ಕೂಗಿ ಕೂಗಿ ನನಗೇ ನಾಚಿಕೆಯಾಗಿ ಸುಮ್ಮನಾದೆ. ಎರಡನೆಯ ಅರ್ಧದಲ್ಲಿ ಅವನು ಚೆಂಡು ಹಿಡಿದು ಎಡಗೆರೆಯಲ್ಲಿ ಹೊರಟ. ಅಷ್ಟರಲ್ಲಿ ಮೈದಾನದ ನಡುವೆ ಯಾರೋ ಯಾರನ್ನೋ ಬೀಳಿಸಿದ್ದಕ್ಕೆ ರೆಫರಿಯಾಗಿದ್ದ ನಮ್ಮ ಡ್ರಿಲ್ ಮೇಷ್ಟ್ರು ಸೀಟಿ ಊದಿದರು. ಎಲ್ಲರೂ ನಿಂತರು. ಬಷೀರ ನಿಲ್ಲಲಿಲ್ಲ.

ಅವನು ಓಡುತ್ತಲೇ ಇದ್ದ. ಪಿರಿಯಾಪಟ್ಟಣದ ಬ್ಯಾಕುಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದರು. ಅವರ ನಡುವೆ, ಅವರು ತಡೆಯುತ್ತಾರೆಂದೇ ತಿಳಿದು, ಮೈ ಬಳುಕಿಸಿ, ಸುಳ್ಳುಹೆಜ್ಜೆ ಹಾಕಿ ತಪ್ಪಿಸಿಕೊಂಡು ಹೋದ. ನೋಡುವ ಜನದಲ್ಲಿ ಕೆಲವರು ನಕ್ಕರು. ಆಮೇಲೆ ಅವರೂ ಸುಮ್ಮನಾದರು. ಇಡೀ ಸಂತೆಮಾಳದಲ್ಲಿ ಓಡುತ್ತಿದ್ದವನು ಅವನೊಬ್ಬನೇ. ಅಷ್ಟು ಚಂದದ ಓಟವನ್ನು ನಾನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಗೋಲಿನಲ್ಲಿ ಪೂವಯ್ಯ ನಿಂತಿದ್ದ. ಕೊಡಗಿನವನು, ಪಿರಿಯಾಪಟ್ಟಣದಲ್ಲಿ ಅರಣ್ಯ ಇಲಾಖೆಯ ಕೆಲಸದಲ್ಲಿದ್ದ. ಸೀಟಿ ಅವನಿಗೂ ಕೇಳಿತ್ತು. ಆದರೆ ಅವನು ಮೊಣಕಾಲು ಬಗ್ಗಿಸಿ, ಕೈ ಅಗಲಿಸಿ ಕಾದ. ಬಷೀರ ಹೊಡೆದ. ಪೂವಯ್ಯ ಉದ್ದಕ್ಕೆ ಹಾರಿದ. ಬೆರಳತುದಿ ದಾಟಿ ಚೆಂಡು ಒಳಗೆ ಹೋಯಿತು. ಪೂವಯ್ಯ ಕೆಸರಿನಲ್ಲಿ ಬಿದ್ದಿದ್ದ.

ಬಷೀರ ತೋಳೆತ್ತಿಕೊಂಡು ನಮ್ಮ ಕಡೆ ತಿರುಗಿದ. ನಾವೆಲ್ಲ ಎಲ್ಲೆಲ್ಲಿ ನಿಂತಿದ್ದೆವೋ ಅಲ್ಲಲ್ಲೇ ನಿಂತಿದ್ದೆವು. ಅವನ ತೋಳು ಇಳಿಯಿತು. ಹೋಗಿ ಚೆಂಡನ್ನು ಎತ್ತಿಕೊಂಡು ಬಂದು ಡ್ರಿಲ್ ಮೇಷ್ಟ್ರ ಕೈಯಲ್ಲಿಟ್ಟು, ಸೈನ್ಯದಲ್ಲಿ ಕಲಿತ ಹಾಗೆ ಸೆಲ್ಯೂಟ್ ಹೊಡೆದು, ಮೈದಾನ ದಾಟಿ ಮನೆಯ ಕಡೆ ನಡೆದುಬಿಟ್ಟ.

ಆಮೇಲೆ ಅವನು ಸಂತೆಮಾಳದ ದಾರಿಯನ್ನೇ ಬಿಟ್ಟ. ಸಂಜೆ ಸುತ್ತು ಹಾಕಿಕೊಂಡು ಹೊಳೆಗೆ ಹೋಗಿ ಕೂರುತ್ತಿದ್ದ. ನಾನು ಕರೆದರೆ, 'ಕರುಣೆ ಆಟ ನಂಗ್ ಬ್ಯಾಡ, ಬುಡ್ಲಾ' ಎಂದ. ನಾನೂ ಆಟಕ್ಕೆ ಹೋಗುವುದನ್ನು ಬಿಟ್ಟೆ. ಬಾಯಿದ್ದು ಪ್ರಯೋಜನವಿಲ್ಲದ ಮೇಲೆ ನಾನು ಎಂಥ ಆಟಗಾರ?

ಒಂದು ಭಾನುವಾರ ಅವರ ಮನೆಯಲ್ಲಿ ಕೂತಿದ್ದೆ. ಬಷೀರ ಅಂಗಳದಲ್ಲಿ ತಲೆ ಬಗ್ಗಿಸಿ ಹೊಲಿಯುತ್ತಿದ್ದ. ಊಟದ ಹೊತ್ತಾಯಿತು. ಅಮ್ಮೀ ಅಡಿಗೆಮನೆಯಿಂದ ಬಂದು, ಬಾಗಿಲಲ್ಲಿ ನಿಂತು, ಬಲಗೈಯನ್ನು ತಲೆಗಿಂತ ಮೇಲೆ ಎತ್ತಿದರು. ಕರೆಯಲಿಲ್ಲ, ಸುಮ್ಮನೆ ಕೈಯೆತ್ತಿ ನಿಂತರು. ಪಡಸಾಲೆಯಲ್ಲಿದ್ದ ಅವನ ತಂಗಿ ಅದನ್ನು ನೋಡಿ ತಾನೂ ಕೈಯೆತ್ತಿದಳು. ಅವನ ಎದುರಿಗೆ ಕೂತಿದ್ದ ಅಪ್ಪ ಸೂಜಿ ಕೆಳಗಿಟ್ಟು ತಾವೂ ಕೈಯೆತ್ತಿದರು. ಬಷೀರ ತಲೆಯೆತ್ತಿ ಅಪ್ಪನನ್ನು ನೋಡಿ, ತಿರುಗಿ ತಾಯಿಯನ್ನು ನೋಡಿ, ಎದ್ದು ಕೈ ತೊಳೆಯಲು ಹೋದ. ಅವರಿಗೆಲ್ಲ ಅದು ಉಸಿರಾಡಿದಷ್ಟು ಸಹಜವಾಗಿತ್ತು. ನಾನು ಹಾಲಿನ ಲೋಟವನ್ನು ಕೆಳಗಿಟ್ಟೆ.

ಮರುದಿನ ಡ್ರಿಲ್ ಮೇಷ್ಟ್ರ ಬಳಿ ಹೋಗಿ, ಸೀಟಿ ಊದಿದಾಗ ಮೈದಾನದಲ್ಲಿರುವ ಪ್ರತಿಯೊಬ್ಬನೂ ಕೈಯೆತ್ತಬೇಕು ಎಂದೆ. ಬಷೀರ ಯಾವ ಕಡೆ ನೋಡುತ್ತಿದ್ದರೂ ಯಾರದಾದರೂ ಕೈ ಕಂಡೇ ಕಾಣುತ್ತದೆ. ಮೇಷ್ಟ್ರು ಆಟದ ನಿಯಮದಲ್ಲಿ ಇದು ಎಲ್ಲಿದೆ ಎಂದು ಮೊದಲು ಮುಖ ಗಂಟಿಕ್ಕಿದರು. ಆಮೇಲೆ, ಕೈಯೆತ್ತಬಾರದು ಎಂದೂ ಎಲ್ಲೂ ಇಲ್ಲ ಎಂದು ತಾವೇ ಹೇಳಿದರು.

ಆದರೆ ಬಷೀರ ಬರಬೇಕಲ್ಲ. ಅದಕ್ಕೆ ಪೂವಯ್ಯ ಬಂದ. ನಾನು ಹೇಳಿಕಳಿಸಿದ್ದಕ್ಕೆ ಪಿರಿಯಾಪಟ್ಟಣದಿಂದ ಸೈಕಲ್ ತುಳಿದುಕೊಂಡೇ ಬಂದು, ಬಷೀರನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತ. ಮೀಸೆ ತುಟಿಗೆ ಅಡ್ಡ ಬರದಂತೆ ಬೆರಳಿಂದ ಸರಿಸಿಕೊಂಡು, ಒಂದೊಂದೇ ಮಾತನ್ನು ಬಿಡಿಸಿ ಹೇಳಿದ.

'ನೋಡಿ ಬಷೀರ್, ಸೀಟಿ ಆಗಿದ್ದು ನನಗೆ ಗೊತ್ತಿತ್ತು. ಕರುಣೆಗೆ ಹಾರಿದ್ದಲ್ಲ ನಾನು. ಅಂಥ ಚೆಂಡು ಬರುವಾಗ ಸುಮ್ಮನೆ ನಿಲ್ಲಲಿಕ್ಕೆ ನನ್ನಿಂದ ಆಗಲಿಲ್ಲ. ಹಿಡಿಯಲೇಬೇಕು ಅಂತ ಹಾರಿದೆ, ಸಿಗಲಿಲ್ಲ. ಅವತ್ತಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ನೀವು ಇನ್ನೊಂದು ಸಲ ಹೊಡೀಬೇಕು.'

ಬಷೀರ ಅವನ ತುಟಿಯನ್ನೇ ನೋಡುತ್ತಿದ್ದ. ಕೊನೆಗೆ ನನ್ನ ಕಡೆ ತಿರುಗಿ, 'ಇನ್ನೊಂದ್ ಸಲಾನೂ ಸಿಗಾಕಿಲ್ಲ ಅಂತ ಹೇಳ್ಲಾ ಇವ್ರಿಗೆ' ಎಂದ.

ಹಾಗೆ ಹುಣಸೂರಿನಲ್ಲಿ ಕೈಯೆತ್ತುವ ಪದ್ಧತಿ ಶುರುವಾಯಿತು. ಹೊರಗಿನಿಂದ ಬಂದ ಟೀಮಿನವರು ಮೊದಲು ಮುಸಿಮುಸಿ ನಗುತ್ತಿದ್ದರು. ಯಾಕೆಂದು ತಿಳಿದ ಮೇಲೆ ಅರ್ಧ ಆಟ ಮುಗಿಯುವುದರೊಳಗೆ ಅವರೂ ಎತ್ತುತ್ತಿದ್ದರು. ಹೆಗ್ಗಡದೇವನಕೋಟೆಯವರು ಎರಡೂ ಕೈ ಎತ್ತುತ್ತಿದ್ದರು, ಅವರದು ಯಾವಾಗಲೂ ಸ್ವಲ್ಪ ಧಾರಾಳ. ಕೂಗುವ ಕೆಲಸ ಹೋದ ಮೇಲೆ ನಾನು ಬಷೀರನ ಹಿಂದೆ ಇರುವುದನ್ನು ಬಿಟ್ಟು ಅವನಿಗೆ ಕಾಣುವಂತೆ ಮುಂದೆ ಓಡಲು ಕಲಿಯಬೇಕಾಯಿತು. ಅದರಿಂದ ನನ್ನ ಜೀವನದ ಏಕೈಕ ಗೋಲು ಬಂತು. ಚೆಂಡು ನನ್ನ ಮೊಣಕಾಲಿಗೆ ತಾಗಿ ತಾನಾಗಿಯೇ ಒಳಗೆ ಹೋಯಿತು ಎಂದು ಹೇಳುವವರಿದ್ದಾರೆ. ಹೇಳಲಿ.

ಬಷೀರ ಈಗಿಲ್ಲ. ಮದುವೆಯಾಗಿ, ಅಪ್ಪನ ಅಂಗಡಿಯನ್ನು ನಡೆಸಿ, ಮೊಮ್ಮಕ್ಕಳನ್ನು ಕಂಡು, ತೃಪ್ತಿಯಾಗಿಯೇ ಹೋದ. ಅವನ ವಿಚಾರದಲ್ಲಿ ನಾನು ದುಃಖಪಡಬೇಕಾದ್ದು ಏನೂ ಇಲ್ಲ ಎಂದು ಮನಸ್ಸಿಗೆ ಹೇಳುತ್ತೇನೆ. ಮನಸ್ಸು ಕೇಳುವುದಿಲ್ಲ. ಅದಕ್ಕೆ ಬೇಕಾದ್ದು ಮೊಮ್ಮಕ್ಕಳ ಬಷೀರನಲ್ಲ, ಎಡಗೆರೆಯ ಬಷೀರ.

ಅವನು ಆಟ ನಿಲ್ಲಿಸಿದ್ದು ಕಿವಿಯ ದೆಸೆಯಿಂದಲೇ. ಓಡುತ್ತಾ ತಟ್ಟನೆ ತಿರುಗಿದರೆ ತಲೆ ಸುತ್ತಿ ಬೀಳತೊಡಗಿದ. ಕಿವಿಯೊಳಗಿನ ಪೆಟ್ಟು ಅದು, ಇನ್ನು ಆಡಬಾರದು ಎಂದು ಮೈಸೂರಿನ ಡಾಕ್ಟರು ಹೇಳಿದರು. ಇದೊಂದು ಮ್ಯಾಚು ಆಡಿಬಿಡುತ್ತೇನೆ ಎಂದ. ಕೃಷ್ಣರಾಜನಗರದವರ ಮೇಲೆ ಆಟ. ನನಗೂ ಅಷ್ಟರಲ್ಲಿ ಚಿತ್ರದುರ್ಗಕ್ಕೆ ವರ್ಗವಾಗಿತ್ತು, ಮರುವಾರ ಹೊರಡಬೇಕಿತ್ತು. ಪೂವಯ್ಯ ನಮ್ಮ ಟೀಮಿಗೆ ಸಾಲವಾಗಿ ಬಂದು ಗೋಲಿನಲ್ಲಿ ನಿಂತಿದ್ದ. ಬೇಲಿಯ ಆಚೆ ಅಮ್ಮೀ ಬುರ್ಖಾ ತೊಟ್ಟು, ಕೆಲವು ಹೆಂಗಸರ ಜೊತೆ ನಿಂತಿದ್ದರು. ಮಗನ ಆಟವನ್ನು ಆಕೆ ನೋಡಿದ್ದು ಅದೇ ಮೊದಲು.

ಯಾರೂ ಗೋಲು ಹೊಡೆಯಲಿಲ್ಲ. ಹೊತ್ತು ಇಳಿಯುತ್ತಿತ್ತು, ಹೊಳೆಯ ಕಡೆಯಿಂದ ಗಾಳಿ ಬರುತ್ತಿತ್ತು. ಬಷೀರ ಎಡಗೆರೆಯಲ್ಲಿ ಚೆಂಡು ಹಿಡಿದು ಇನ್ನೇನು ಹೊರಡಬೇಕು, ಡ್ರಿಲ್ ಮೇಷ್ಟ್ರು ಆಟ ಮುಗಿಯಿತೆಂದು ಉದ್ದಕ್ಕೆ ಸೀಟಿ ಊದಿದರು. ಎಲ್ಲರ ಕೈ ಮೇಲಕ್ಕೆ ಹೋಯಿತು. ಅವನು ಕಂಡ. ಚೆಂಡನ್ನು ಅಂಗಾಲ ಕೆಳಗೆ ಒತ್ತಿ ಹಿಡಿದು ನಿಂತ. ನಮ್ಮ ಟೀಮನ್ನು ನೋಡಿದ, ಅವರ ಟೀಮನ್ನು ನೋಡಿದ, ಗೋಲಿನಲ್ಲಿದ್ದ ಪೂವಯ್ಯನನ್ನು ನೋಡಿದ. ಆಮೇಲೆ ಗೆರೆಯ ಆಚೆ ನೋಡಿದ. ಅಲ್ಲಿ ಆಟ ನೋಡಲು ಬಂದವರೂ ಒಬ್ಬೊಬ್ಬರಾಗಿ ಕೈಯೆತ್ತುತ್ತಿದ್ದರು. ಬೇಲಿಯ ಆಚೆಯ ಹೆಂಗಸರೂ ಎತ್ತಿದ್ದರು.

ಕೈ ಇಳಿಸಿದರೆ ಬಷೀರನ ಆಟ ಮುಗಿದಂತೆ. ನನ್ನ ತೋಳು ನೋಯತೊಡಗಿತು, ನಡುಗತೊಡಗಿತು. ಪಕ್ಕದವನದೂ ನಡುಗುತ್ತಿತ್ತು. ಬಷೀರ ಇನ್ನೂ ಒಬ್ಬೊಬ್ಬರನ್ನೇ ನೋಡುತ್ತಿದ್ದ. ಯಾರೂ ಮೊದಲು ಕೈ ಇಳಿಸಲಿಲ್ಲ.